ಚರ್ಚ್‌ಗೇಟಿನ ಚರ್ಚು ಮತ್ತು ಗವರ್ನರ್ ಡಂಕನ್

ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಬೆಳಗಿನ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಮುಂಬಯಿಯ ಕೋಟೆ ವಿಭಾಗಕ್ಕೆ ಬಂದು, ರಾತ್ರಿ ಅದೇ ದಾರಿಯಾಗಿ ಮರಳುವ ಕನ್ನಡಿಗರು ಬಹು ಮಂದಿ. ನವಿ ಮುಂಬಯಿಯವರು ವಾಶಿಯ ಖಾಡಿಯನ್ನು ದಾಟಿ ಬರುತ್ತಾರೆ. ಚರ್ಚ್‌ಗೇಟ್ ಎಂಬ ಹೆಸರು ಇವರೆಲ್ಲರ ಬಾಯಲ್ಲಿ ದಿನಕ್ಕೆ ಎಷ್ಟು ಸಾರಿ ಬರುತ್ತದೆಯೋ ಲೆಕ್ಕವಿಟ್ಟವರಿಲ್ಲ. ಆದರೆ ಆ ಹೆಸರಿಗೆ ಕಾರಣವಾದ ಚರ್ಚು ಚರ್ಚ್‌ಗೇಟ್ ಸ್ಟೇಶನ್ನಿನ ಮಗ್ಗುಲಲ್ಲಿಲ್ಲ. ಫ್ಲೋರಾ ಫೌಂಟನ್ನಿನಿಂದ ಪೂರ್ವಕ್ಕೆ ವೀರ ನರಿಮನ್ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ, ಹಾರ್ನಿಮನ್ ಸರ್ಕಲಿಗೆ ಮುಟ್ಟುವ ಮೊದಲೇ ಮರಗಳ ನಡುವೆ ಒಂದು ಗೋಪುರ ಕಾಣಿಸುತ್ತದೆ. ಅದೇ ಸಂತ ಥಾಮಸನ ಕೆಥೆಡ್ರಲ್. ಸುತ್ತಲೂ ಬ್ಯಾಂಕುಗಳು, ಆಫೀಸುಗಳು, ನಮ್ಮವರೇ ನಡೆಸುವ ಉಡುಪಿ ಹೋಟೆಲುಗಳು. ಮಧ್ಯಾಹ್ನದ ಬಿಡುವಿನಲ್ಲಿ ಅದರ ಕಂಪೌಂಡಿನ ನೆರಳಿನಲ್ಲೇ ಹಾದು ಹೋಗುವವರಲ್ಲಿ ಒಳಗೆ ಕಾಲಿಟ್ಟವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಕಷ್ಟವಾದೀತು.

ಈ ಕಟ್ಟಡಕ್ಕೆ 1676ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರನು ಅಡಿಪಾಯ ಹಾಕಿಸಿದನು. ಮರುವರ್ಷವೇ ಆತನು ತೀರಿಕೊಂಡನು, ಕೆಲಸ ನಿಂತಿತು. ಅರೆಕಟ್ಟಿದ ಗೋಡೆಗಳು ಸುಮಾರು 40 ವರ್ಷಗಳ ಕಾಲ ಮಳೆಬಿಸಿಲುಗಳಿಗೆ ಮೈಯೊಡ್ಡಿ ನಿಂತಿದ್ದವು. ಅನಂತರ ರಿಚರ್ಡ್ ಕಾಬ್ ಎಂಬ ಪಾದ್ರಿಯು ಊರವರಿಂದ ಚಂದಾ ಎತ್ತಿ, ಕುಂಪಣಿಯವರ ಬೆನ್ನು ಹತ್ತಿ, ಕೆಲಸವನ್ನು ಪೂರೈಸಿದನು. 1718ರ ಕ್ರಿಸ್ಮಸ್ ದಿನ ಬಾಗಿಲು ತೆರೆಯಿತು. ಆಗ ಮುಂಬಯಿಯೆಂದರೆ ಗೋಡೆಯೊಳಗಿನ ಊರು. ಗೋಡೆಗೆ ಮೂರು ಬಾಗಿಲುಗಳು: ಅಪೊಲೊ ಗೇಟು, ಬಜಾರ್ ಗೇಟು, ಮತ್ತು ಈ ಚರ್ಚಿನ ಎದುರಿನ ದಾರಿ ಪಡುವಣಕ್ಕೆ ಹೊರಬೀಳುತ್ತಿದ್ದಲ್ಲಿ ಚರ್ಚ್ ಗೇಟು. 1860ರ ದಶಕದಲ್ಲಿ ಗೋಡೆಗಳನ್ನು ಕೆಡವಿದರು. ಬಾಗಿಲು ಹೋಯಿತು, ಹೆಸರು ಉಳಿದು ರೈಲ್ವೆ ಸ್ಟೇಶನ್ನಿಗೆ ಅಂಟಿಕೊಂಡಿತು. 1837ರಲ್ಲಿ ಮುಂಬಯಿಗೆ ಮೊದಲ ಬಿಷಪ್ಪನು ನೇಮಕವಾದ ಮೇಲೆ ಈ ಚರ್ಚಿಗೆ ಕೆಥೆಡ್ರಲಿನ ಪದವಿ ದೊರೆಯಿತು. ಇತ್ತೀಚೆಗೆ ನಡೆದ ಜೀರ್ಣೋದ್ಧಾರಕ್ಕೆ 2004ರಲ್ಲಿ ಯುನೆಸ್ಕೋ ಸಂಸ್ಥೆಯ ಪ್ರಶಸ್ತಿಯೂ ಸಂದಿದೆ.

ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಗಳ ಮೇಲಿನ ಅಮೃತಶಿಲೆಯ ಸ್ಮಾರಕಗಳು. ಬಹುಪಾಲು ಸೈನಿಕರವು, ನಾವಿಕರವು. ಸಣ್ಣ ವಯಸ್ಸಿನಲ್ಲಿ ಜ್ವರದಿಂದ ಸತ್ತವರು, ಯುದ್ಧದಲ್ಲಿ ಮಡಿದವರು, ಗಂಡನ ಹಿಂದೆ ಕಡಲು ದಾಟಿ ಬಂದು ಇಲ್ಲೇ ಮಣ್ಣಾದ ಹೆಂಗಸರು. 1808ರಲ್ಲಿ ಫ್ರೆಂಚರ ಹಡಗಿನೊಡನೆ ಹೋರಾಡಿ ಮಡಿದ ಕಪ್ತಾನ ಹಾರ್ಡಿಂಜನ ಸ್ಮಾರಕ ಇಲ್ಲಿದೆ. ನೆಪೋಲಿಯನ್ ಚಕ್ರವರ್ತಿಯು ಸೋತು ಶರಣಾಗತನಾದಾಗ ಅವನನ್ನು ತನ್ನ ಹಡಗಿಗೆ ಹತ್ತಿಸಿಕೊಂಡ ಮೇಟ್ಲಂಡನ ಸ್ಮಾರಕವೂ ಇಲ್ಲಿದೆ. ಈ ವೀರರ ಗುಂಪಿನ ನಡುವೆ ಖಡ್ಗವಿಲ್ಲದ, ಫಿರಂಗಿಯಿಲ್ಲದ ಒಂದು ದೊಡ್ಡ ಸ್ಮಾರಕವಿದೆ. ಜಾನ್ ಬೇಕನ್ ಎಂಬ ಶಿಲ್ಪಿ ಇಂಗ್ಲೆಂಡಿನಲ್ಲಿ ಕೆತ್ತಿದ್ದು. ಎಳೆಯ ಹಿಂದೂಗಳು ಒಬ್ಬ ಆಂಗ್ಲ ಅಧಿಕಾರಿಯನ್ನು ಹರಸುವಂತೆ ಅದನ್ನು ಬಿಡಿಸಲಾಗಿದೆ. ಕಾಶಿ ಪ್ರಾಂತದಲ್ಲಿಯೂ ಕಾಠೇವಾಡದಲ್ಲಿಯೂ ಈತನಿಂದ ಶಿಶುಹತ್ಯೆ ನಿಂತುಹೋಯಿತೆಂದು ಕಲ್ಲು ಸಾರುತ್ತದೆ. ಈತನೇ ಜೋನಾಥನ್ ಡಂಕನ್. 1795ರಿಂದ 1811ರ ವರೆಗೆ, ಸುಮಾರು 16 ವರ್ಷ, ಮುಂಬಯಿಯ ಗವರ್ನರ್. ಆತನ ದೇಹವನ್ನು ಹೂಳಿದುದೂ ಈ ಚರ್ಚಿನಲ್ಲಿಯೇ.

ಸಮಾಧಿಯ ಮೇಲಣ ಬರಹವನ್ನು ನಂಬಬೇಕೇ ಎಂಬುದು ಹಳೆಯ ಪ್ರಶ್ನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯುವುದು ಎಲ್ಲ ದೇಶಗಳ ಪದ್ಧತಿ. ಡಂಕನ್ನನ ವಿಷಯದಲ್ಲಿ ಆ ಪ್ರಶ್ನೆಯನ್ನು ಕೇಳಿ ನೋಡಲು ಕಾರಣವಿದೆ. ಅದಕ್ಕೆ ಆತನ ಜೀವನವನ್ನು ಮೊದಲಿನಿಂದ ತಿಳಿಯಬೇಕು.

ಡಂಕನ್ನನು 1756ರಲ್ಲಿ ಸ್ಕಾಟ್ಲೆಂಡಿನ ಫಾರ್ಫರ್ ಸೀಮೆಯಲ್ಲಿ ಹುಟ್ಟಿದನು. 1772ರಲ್ಲಿ, ಮೀಸೆ ಮೂಡುವ 16ನೆಯ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕುಂಪಣಿಯ ಗುಮಾಸ್ತನಾಗಿ ಕಲಕತ್ತೆಗೆ ಬಂದನು. ಕುಂದಾಪುರ, ಉಡುಪಿ, ಕಾರ್ಕಳಗಳ ಕಡೆಯಿಂದ ಅದೇ ವಯಸ್ಸಿಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಒಂದು ಟ್ರಂಕು ಹಿಡಿದು ಮುಂಬಯಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿ ನಿಂತವರಿಗೆ ಆ ಪ್ರಯಾಣದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗು ಸಮುದ್ರದಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ಕಾಲ ಅದು. ಊರಿನ ಕಾಗದವೊಂದು ಬರುವಷ್ಟರಲ್ಲಿ ಅದರೊಳಗಿನ ಸುದ್ದಿ ಹಳತಾಗಿರುತ್ತಿತ್ತು. ಊರಿಗೆ ಹಿಂತಿರುಗಿ ನೆಲೆಸುವ ಭಾಗ್ಯ ಡಂಕನ್ನನಿಗೆ ಒದಗಲಿಲ್ಲ. ಬಂದ ದಿನದಿಂದ ಸಾಯುವ ದಿನದ ವರೆಗೆ 39 ವರ್ಷಗಳ ಸೇವೆ ಈ ನೆಲದಲ್ಲಿಯೇ ಸವೆಯಿತು.

ಕಲಕತ್ತೆಯಲ್ಲಿ ಆತನು ಬಂಗಾಳಿಯನ್ನೂ ಪಾರಸಿಯನ್ನೂ ಶ್ರದ್ಧೆಯಿಂದ ಕಲಿತನು. ದಿವಾನಿ ಅದಾಲತ್ತುಗಳ ನಿಬಂಧನೆಗಳನ್ನು ಬಂಗಾಳಿಗೆ ತರ್ಜುಮೆ ಮಾಡಿದನು. 1785ರಲ್ಲಿ ಅಚ್ಚಾದ ಆ ಗ್ರಂಥ ಬಂಗಾಳಿ ಅಕ್ಷರಗಳಲ್ಲಿ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲೊಂದು. ಸರ್ ವಿಲಿಯಂ ಜೋನ್ಸನು 1784ರಲ್ಲಿ ಏಶಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದಾಗ ಮೊದಲ ಸದಸ್ಯರಲ್ಲಿ ಡಂಕನ್ನನೂ ಇದ್ದನು. ಕಡತಗಳ ನಡುವೆ ಬೆಳೆದ ಈ ಗುಮಾಸ್ತನ ಮೇಲೆ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕಣ್ಣು ಬಿದ್ದದ್ದು ಕೈ ಶುದ್ಧವಿದ್ದ ಕಾರಣದಿಂದ.

ಕಾಶಿಯ ರೆಸಿಡೆಂಟನ ಹುದ್ದೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಆ ಹುದ್ದೆಯ ಸಂಬಳ ತಿಂಗಳಿಗೆ 1,000 ರೂಪಾಯಿ. ಆದರೆ ಅದರಲ್ಲಿ ಕುಳಿತವರ ಮೇಲುಸಂಪಾದನೆ ವರುಷಕ್ಕೆ ಸುಮಾರು 4 ಲಕ್ಷ ರೂಪಾಯಿಗಳೆಂದು ಕಾರ್ನ್‌ವಾಲಿಸನೇ ವಿಲಾಯತಿಗೆ ವರದಿ ಮಾಡಿದ್ದನು. ಊರಿನ ವ್ಯಾಪಾರವೆಲ್ಲ ಕೈಯಲ್ಲಿರುತ್ತಿದ್ದುದು ಬೇರೆ. ಇಂಥ ಜೇನುಗೂಡಿಗೆ 1787ರಲ್ಲಿ ಡಂಕನ್ನನನ್ನು ಕಳುಹಿಸಲಾಯಿತು. ಆತನು ಜೇನಿಗೆ ಕೈ ಹಾಕಲಿಲ್ಲ. ಕಂದಾಯವನ್ನು ಗೊತ್ತುಪಡಿಸಿದನು, ನ್ಯಾಯಸ್ಥಾನಗಳನ್ನು ಸರಿಪಡಿಸಿದನು. 1791ರಲ್ಲಿ ಕಾಶಿಯ ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದನು. ಮೊದಲ ವರ್ಷಕ್ಕೆ 14,000 ರೂಪಾಯಿ, ಅನಂತರ ವರ್ಷಕ್ಕೆ 20,000 ರೂಪಾಯಿಗಳ ನೆರವು ಗೊತ್ತಾಯಿತು. ಇಂದು ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯವೆನಿಸಿಕೊಂಡಿರುವುದು ಅದರ ಬೆಳೆದ ರೂಪವೇ. ಧರ್ಮಶಾಸ್ತ್ರ ಬಲ್ಲ ಪಂಡಿತರು ಕುಂಪಣಿಯ ನ್ಯಾಯಾಲಯಗಳಿಗೆ ಬೇಕಾಗಿದ್ದರು ಎಂಬುದೂ ಈ ಔದಾರ್ಯಕ್ಕೆ ಒಂದು ಕಾರಣ. ರಾಜ್ಯವಾಳುವವರ ಧರ್ಮಕಾರ್ಯದಲ್ಲಿ ಸ್ವಾರ್ಥದ ಎಳೆಯೊಂದು ಇದ್ದೇ ಇರುತ್ತದೆ.

ಕಾಶಿಯಲ್ಲಿದ್ದಾಗಲೇ ಆತನಿಗೆ ಒಬ್ಬ ವಿಚಿತ್ರ ಸಂನ್ಯಾಸಿಯ ಭೇಟಿಯಾಯಿತು. ಪ್ರಾಣಪುರಿ ಎಂಬ ಆತನು ಎರಡು ಕೈಗಳನ್ನೂ ತಲೆಯ ಮೇಲೆ ಎತ್ತಿಯೇ ಹಿಡಿದಿರುವ ವ್ರತದವನು. ಆ ಸ್ಥಿತಿಯಲ್ಲಿಯೇ ಸಿಂಹಳ, ಪಾರಸಿಕ ದೇಶ, ರಷ್ಯದ ಮಾಸ್ಕೋ, ಟಿಬೇಟುಗಳನ್ನು ಸುತ್ತಿ ಬಂದಿದ್ದನು. ಡಂಕನ್ನನು ಅವನನ್ನು ಕೂರಿಸಿಕೊಂಡು ಸಂಚಾರದ ಕಥೆಯನ್ನೆಲ್ಲ ಬರೆದುಕೊಂಡನು, ಚಿತ್ರವನ್ನೂ ಬರೆಯಿಸಿದನು. 1794ರಲ್ಲಿ ಜಗತ್ ಸಿಂಗನೆಂಬ ಕಾಶಿಯ ಪ್ರಮುಖನೊಬ್ಬನ ಆಳುಗಳು ಇಟ್ಟಿಗೆಗಾಗಿ ಸಾರನಾಥದ ದಿಬ್ಬವೊಂದನ್ನು ಅಗೆದಾಗ, ಕಲ್ಲಿನ ಪೆಟ್ಟಿಗೆಯೊಳಗೆ ಒಂದು ಕರಂಡಕ ಸಿಕ್ಕಿತು. ಅದರಲ್ಲಿ ಕೆಲವು ಎಲುಬಿನ ಚೂರುಗಳು, ಮಾಸಿದ ಮುತ್ತುಗಳು, ಚಿನ್ನದ ತಗಡು. ಎಲುಬುಗಳನ್ನು ಗಂಗೆಗೆ ಬಿಟ್ಟರು. ಸಮೀಪದಲ್ಲಿ ಬುದ್ಧನ ವಿಗ್ರಹವೂ ದೊರೆತುದರಿಂದ, ಇವು ಬುದ್ಧನ ಉಪಾಸಕರಿಗೆ ಸಂಬಂಧಿಸಿದವಾಗಿರಬೇಕೆಂದು ಡಂಕನ್ನನು ಊಹಿಸಿ, ವಿವರವನ್ನು 1798ರಲ್ಲಿ ಸೊಸೈಟಿಯ ಸಂಪುಟದಲ್ಲಿ ಪ್ರಕಟಿಸಿದನು. ಬುದ್ಧನು ಮೊದಲ ಉಪದೇಶ ಮಾಡಿದ ಸ್ಥಳವದೆಂಬುದು ಆಗಿನ ಆಂಗ್ಲರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಬ್ಬರ ಸಮಾಧಿಯನ್ನು ಈತನು ಬರೆದಿಡದೆ ಹೋಗಿದ್ದರೆ ಆ ಸ್ತೂಪದ ಕಥೆ ಇಟ್ಟಿಗೆಗಳ ಜೊತೆಯಲ್ಲೇ ಗಾಡಿ ಹತ್ತಿ ಹೋಗುತ್ತಿತ್ತು.

ಇನ್ನು ಕಲ್ಲಿನ ಮೇಲೆ ಹೇಳಿರುವ ವಿಷಯ. 1789ರಲ್ಲಿ ಜೌನಪುರದ ಕಡೆ ಸಂಚಾರದಲ್ಲಿದ್ದಾಗ, ಅಲ್ಲಿನ ರಾಜಕುಮಾರ ಎಂಬ ರಜಪೂತ ಪಂಗಡದ ಮನೆಗಳಲ್ಲಿ ಹೆಣ್ಣು ಮಕ್ಕಳೇ ಕಾಣದಿರುವುದು ಆತನ ಗಮನಕ್ಕೆ ಬಂದಿತು. ವಿಚಾರಿಸಿದಾಗ ಅವರು ಮುಚ್ಚಿಡಲೂ ಇಲ್ಲ. ಹುಟ್ಟಿದ ಹೆಣ್ಣು ಕೂಸಿಗೆ ತಾಯಿ ಹಾಲು ಕೊಡುವುದಿಲ್ಲ, ಅಷ್ಟೆ. ತಮಗಿಂತ ಮೇಲಾದ ಮನೆತನಕ್ಕೆ ಮಗಳನ್ನು ಕೊಡಬೇಕು, ಕೊಡಲು ಮನೆಮಾರು ಕಳೆಯಬೇಕು, ಕೊಡದಿದ್ದರೆ ಮಾನ ಹೋಗಬೇಕು. ಇದರ ಬದಲು ಕೂಸನ್ನೇ ಕಳೆದುಬಿಡುವುದು ವಾಡಿಕೆಯಾಗಿತ್ತು. ಕೆಲವೆಡೆ ಎದೆಗೆ ಅಫೀಮು ಸವರುವುದೂ ಇತ್ತು. ತಾಯಂದಿರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಡಂಕನ್ನನ ಬಳಿ ಸೈನ್ಯವಿತ್ತು. ಆದರೆ ಮನೆಯೊಳಗಿನ ಬಾಣಂತಿಯ ಕೋಣೆಗೆ ಸೈನ್ಯವನ್ನು ಕಳುಹಿಸುವುದು ಹೇಗೆ? ಆತನು ಪಂಡಿತರನ್ನು ಕರೆಯಿಸಿ ಶಾಸ್ತ್ರವನ್ನು ಕೇಳಿದನು. ಬ್ರಹ್ಮವೈವರ್ತ ಪುರಾಣದಲ್ಲಿ ಶಿಶುಹತ್ಯೆಗೂ ಭ್ರೂಣಹತ್ಯೆಗೂ ಹೇಳಿರುವ ನರಕಯಾತನೆಯನ್ನು ಎತ್ತಿ ತೋರಿಸಿ, ಇನ್ನು ಮುಂದೆ ಈ ಕೃತ್ಯ ಮಾಡಿದವನನ್ನು ಕುಲದಿಂದ ಹೊರಗೆ ಹಾಕುವೆವೆಂದು ಆ ಜನರ ಮುಖಂಡರಿಂದ ಮುಚ್ಚಳಿಕೆ ಬರೆಯಿಸಿಕೊಂಡನು. ಆಂಗ್ಲರ ಕಾನೂನಿನ ಹೆಸರು ಅದರಲ್ಲಿ ಮುಂದಾಗಿರಲಿಲ್ಲ. ಅವರದೇ ಪುರಾಣ, ಅವರದೇ ಬಹಿಷ್ಕಾರ. 1795ರ 21ನೆಯ ರೆಗ್ಯುಲೇಶನ್ನಿನಿಂದ ಕಾಶಿ ಪ್ರಾಂತದಲ್ಲಿ ಶಿಶುಹತ್ಯೆ ಕೊಲೆಯೆಂದು ಸಾರಲ್ಪಟ್ಟಿತು.

ಇಷ್ಟರಲ್ಲಿ ದಕ್ಷಿಣದ ವಿಚಾರಗಳು ಆತನನ್ನು ಸೆಳೆದವು. ಇಲ್ಲಿ ನಮ್ಮ ನಾಡಿನ ಚರಿತ್ರೆಯೂ ಸೇರುತ್ತದೆ. 1792ರ ಶ್ರೀರಂಗಪಟ್ಟಣದ ಕೌಲಿನಂತೆ ಟೀಪೂ ಸುಲ್ತಾನನು ಮಲಬಾರನ್ನು ಕುಂಪಣಿಗೆ ಬಿಟ್ಟುಕೊಟ್ಟಾಗ, ಅದರ ವ್ಯವಸ್ಥೆಗೆ ನೇಮಿಸಿದ ಕಮಿಶನರುಗಳಲ್ಲಿ ಡಂಕನ್ನನು ಒಬ್ಬನು. 1795ರ ಡಿಸೆಂಬರಿನಲ್ಲಿ ಮುಂಬಯಿಯ ಗವರ್ನರನಾದ ಮೇಲೆ ಮಲಬಾರಿನ ಭಾರವೆಲ್ಲ ಆತನ ಹೆಗಲಿಗೆ ಬಿದ್ದಿತು. ವೈನಾಡಿನ ಪಳಶ್ಶಿ ರಾಜನು 1797ರಲ್ಲಿ ಪೆರಿಯ ಘಾಟಿಯಲ್ಲಿ ಕುಂಪಣಿಯ ದಂಡನ್ನು ಹಣ್ಣು ಮಾಡಿದಾಗ, ಡಂಕನ್ನನು ಸೇನಾಪತಿ ಸ್ಟೂವರ್ಟನೊಡನೆ ತಾನೇ ಹಡಗು ಹತ್ತಿ ಮಲಬಾರಿಗೆ ಹೋಗಿ ಸಂಧಿ ಮಾಡಿದನು. ಸಂಧಿ ಬಹುಕಾಲ ಬಾಳಲಿಲ್ಲ. ಪಳಶ್ಶಿಯ ಎರಡನೆಯ ಯುದ್ಧ ಆತನ ಮರಣದಲ್ಲಿ, 1805ರಲ್ಲಿ, ಮುಗಿಯಿತು. ಆ ವೇಳೆಗೆ ಮಲಬಾರು ಮದರಾಸಿನ ಕೈಗೆ ಹೋಗಿ ಐದು ವರ್ಷಗಳಾಗಿದ್ದವು.

1799ರ ಯುದ್ಧದಲ್ಲಿ ಮುಂಬಯಿಯ ಸೈನ್ಯ ಸ್ಟೂವರ್ಟನ ನಾಯಕತ್ವದಲ್ಲಿ ಕಣ್ಣಾನೂರಿನಿಂದ ಘಟ್ಟ ಹತ್ತಿ ಕೊಡಗಿನ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಕೊಡಗಿನ ದೊಡ್ಡ ವೀರರಾಜೇಂದ್ರನು ಅಕ್ಕಿ, ದನ, ಆಳುಗಳನ್ನು ಒದಗಿಸಿದನು. ಮಾರ್ಚಿ 6ರಂದು ಸಿದ್ಧೇಶ್ವರದ ಬಳಿ ಟೀಪೂ ತಾನೇ ಈ ಸೈನ್ಯದ ಮೇಲೆ ಬಿದ್ದು, ಹಿಮ್ಮೆಟ್ಟಬೇಕಾಯಿತು. ಮೇ 4ರಂದು ಕೋಟೆ ಬಿತ್ತು, ಸುಲ್ತಾನನು ಮಡಿದನು. ಕೆನರಾ ಕರಾವಳಿ ಕುಂಪಣಿಯ ವಶವಾಯಿತು. ಶಿಶುಗಳ ಪ್ರಾಣಕ್ಕಾಗಿ ಪುರಾಣದ ಪುಟ ತಿರುವಿದ ಕೈಯೇ ಈ ದಂಡಯಾತ್ರೆಯ ಹುಕುಮುಗಳಿಗೂ ರುಜು ಹಾಕಿತೆಂಬುದನ್ನು ನಾವು ಕನ್ನಡಿಗರು ಮರೆಯಬೇಕಾದುದಿಲ್ಲ. 1800ರಲ್ಲಿ ಸೂರತ್ತಿನ ನವಾಬನನ್ನು ಪಿಂಚಣಿಗೆ ಇಳಿಸಿ ಆ ಪಟ್ಟಣವನ್ನು ಕುಂಪಣಿಗೆ ಸೇರಿಸಿದವನೂ ಈತನೇ. ದಯಾಳುವಾದ ಮಾತ್ರಕ್ಕೆ ಆತನು ಕುಂಪಣಿಯ ಚಾಕರಿಯನ್ನು ಬಿಟ್ಟವನಲ್ಲ.

ಈಗ ಮುಂಬಯಿಗೆ ಬರೋಣ. ಡಂಕನ್ನನ ಕಾಲದಲ್ಲಿ ಮುಂಬಯಿ ನಿಜವಾಗಿ ದ್ವೀಪವಾಗಿತ್ತು. ಅದರ ಉತ್ತರದ ತುದಿ ಸಾಯನ್. ಮರಾಠಿಯಲ್ಲಿ ಶೀವ್ ಎಂದರೆ ಗಡಿ. ಆಂಗ್ಲರ ಸೀಮೆ ಅಲ್ಲಿಗೆ ಮುಗಿಯುತ್ತಿತ್ತು. ಸಾಯನ್ ಗುಡ್ಡದ ಮೇಲೆ ಇಂದಿಗೂ ಇರುವ ಪಾಳು ಕೋಟೆ ಗಡಿ ಕಾಯಲು ಕಟ್ಟಿದ್ದೇ. ಅದರಾಚೆ ಕೆಸರು, ಉಪ್ಪು ನೀರಿನ ಖಾಡಿ. ಖಾಡಿಯಾಚೆ ಕುರ್ಲಾ, ಮತ್ತು ಠಾಣೆಯ ವರೆಗೆ ಹಬ್ಬಿದ ಸಾಷ್ಟಿ ದ್ವೀಪ. ಸಾಷ್ಟಿ ಮೊದಲು ಪೋರ್ತುಗೀಜರದು. 1739ರ ಹೊತ್ತಿಗೆ ಮರಾಠರ ಕೈ ಸೇರಿತು. 1774ರ ಡಿಸೆಂಬರಿನಲ್ಲಿ ಆಂಗ್ಲರು ಠಾಣೆಯ ಕೋಟೆಯನ್ನು ಗೆದ್ದ ಮೇಲೆ ಅವರದಾಯಿತು. ಆದರೂ ಎರಡು ದ್ವೀಪಗಳ ನಡುವೆ ದೋಣಿಯೇ ಗತಿ. ಠಾಣೆಯ ಕಡೆಯ ಅಕ್ಕಿ, ತರಕಾರಿ, ಹುಲ್ಲುಗಳನ್ನು ಮುಂಬಯಿಗೆ ತರುವವರು ಖಾಡಿಯ ದಡದಲ್ಲಿ ದೋಣಿಗಾಗಿ, ಭರತಕ್ಕಾಗಿ ಕಾಯಬೇಕು.

ಈ ಖಾಡಿಗೆ ಏರಿ ಹಾಕಿಸಿದವನು ಡಂಕನ್ನನು. 1798ರಲ್ಲಿ ಮೊದಲಾದ ಕೆಲಸ 1805ರಲ್ಲಿ ಮುಗಿಯಿತು. ಸಾಯನ್ನಿನಿಂದ ಕುರ್ಲಾದ ಕಡೆಗೆ ಕಲ್ಲುಮಣ್ಣಿನ ಏರಿ, ಅದರ ಮೇಲೆ ಗಾಡಿಯ ದಾರಿ. ಆರಂಭದ ವರ್ಷಗಳಲ್ಲಿ ಹೋಗಿಬರುವವರಿಂದ ಸುಂಕವನ್ನೂ ಎತ್ತುತ್ತಿದ್ದರು. ಜನರು ಅದನ್ನು ಡಂಕನ್ ಕಾಸ್‌ವೇ ಎಂದರು. ಮುಂದೆ ಸಾಯನ್ ಕಾಸ್‌ವೇ ಎಂಬ ಹೆಸರೇ ಉಳಿಯಿತು. ಮುಂಬಯಿ ದ್ವೀಪಕ್ಕೂ ಸಾಷ್ಟಿಗೂ ಕಾಲು ನೆನೆಯದೆ ನಡೆದುಹೋಗುವ ಮೊದಲ ದಾರಿ ಇದು. ಮಾಹೀಮಿನ ಏರಿ ಆದುದು ಇದಾಗಿ 40 ವರ್ಷಗಳ ಮೇಲೆ, 1845ರಲ್ಲಿ, ಪಾರ್ಸಿ ದಾನಶೂರ ಜಮ್‌ಶೇಟ್‌ಜಿ ಜೀಜೀಭಾಯಿಯವರ ಪತ್ನಿ ಆವಾಬಾಯಿಯವರ ಹಣದಿಂದ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲುಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ಮರುವರ್ಷ ಅದು ಕಲ್ಯಾಣವನ್ನು ಮುಟ್ಟಿತು. ಆ ರೈಲೂ ಸಾಯನ್ ಮತ್ತು ಕುರ್ಲಾಗಳ ನಡುವಿನ ಈ ಕೆಸರು ನೆಲವನ್ನೇ ದಾಟಬೇಕಾಗಿತ್ತು. ಪನವೇಲಿಗೆ ಹೋಗುವ ಹೆದ್ದಾರಿ ಇಂದು ಹೊರಡುವುದೂ ಸಾಯನ್ನಿನಿಂದಲೇ. ಠಾಣೆಯವನಾಗಲಿ, ಕಲ್ಯಾಣದವನಾಗಲಿ, ನೆರೂಳಿನವನಾಗಲಿ, ಅನ್ನ ಹುಡುಕಿಕೊಂಡು ಕೋಟೆಗೆ ಬರುವ ನಮ್ಮವರು ಬಹುಪಾಲು ಹಾಯುವುದು ಡಂಕನ್ನನು ಗುರುತಿಸಿದ ಈ ಇಕ್ಕಟ್ಟಾದ ಕುತ್ತಿಗೆಯನ್ನೇ. ಕೆಥೆಡ್ರಲಿನ ಸ್ಮಾರಕಶಿಲ್ಪದಲ್ಲಿ ಈ ಏರಿಗೆ ಸ್ಥಾನವಿಲ್ಲ.

ಏರಿಯ ಕೆಲಸ ನಡೆಯುತ್ತಿದ್ದ ವರ್ಷಗಳು ಮುಂಬಯಿಗೆ ಕಷ್ಟದ ವರ್ಷಗಳು. 1803ರ ಫೆಬ್ರವರಿ 17ರಂದು ಕೋಟೆಯೊಳಗೆ ಬೆಂಕಿ ಎದ್ದು ಉತ್ತರ ಭಾಗದ ಕೇರಿಗಳು ಸುಟ್ಟುಹೋದವು. ಅದರಿಂದ ಒಂದು ಪರಿಣಾಮವಾಯಿತು: ಒತ್ತೊತ್ತಾಗಿದ್ದ ಜನರಲ್ಲಿ ಅನೇಕರು ಗೋಡೆಯ ಹೊರಗೆ ಹೋಗಿ ನೆಲೆಸಿದರು, ಊರು ಉತ್ತರಕ್ಕೆ ಬೆಳೆಯಿತು. ಅದೇ ಕಾಲಕ್ಕೆ ದಖ್ಖಣದಲ್ಲಿಯೂ ಕೊಂಕಣದಲ್ಲಿಯೂ ಘೋರ ಕ್ಷಾಮ. ಪೇಶವೆ ಎರಡನೆಯ ಬಾಜೀರಾಯನು ಹೋಳಕರನಿಗೆ ಸೋತು ವಸಯಿಗೆ ಓಡಿ, 1802ರ ಕೊನೆಯ ದಿನ ಆಂಗ್ಲರೊಡನೆ ಕೌಲು ಮಾಡಿಕೊಂಡಿದ್ದನು. ದಂಡುಗಳು ತುಳಿದ ಹೊಲಗಳಿಗೆ ಮಳೆಯೂ ಕೈಕೊಟ್ಟಿತು. ಹಸಿದ ಜನ ಹಿಂಡುಹಿಂಡಾಗಿ ಮುಂಬಯಿಗೆ ಬಂದರು. ಡಂಕನ್ನನ ಸರಕಾರ ಅವರನ್ನು ಗಡಿಯಲ್ಲಿ ತಡೆಯದೆ, ಅನ್ನಾಶ್ರಯಗಳ ವ್ಯವಸ್ಥೆ ಮಾಡಿತು. ಬಂದವರಲ್ಲಿ ಅನೇಕರು ಹಿಂದಕ್ಕೆ ಹೋಗಲಿಲ್ಲ. ಮುಂಬಯಿಗೆ ಹೊಟ್ಟೆಗಾಗಿ ಬರುವುದು ಉಡುಪಿಯವರಿಂದ ಮೊದಲಾದುದಲ್ಲ.

ಕಾಶಿಯನ್ನು ಬಿಟ್ಟರೂ ಹೆಣ್ಣು ಕೂಸುಗಳ ಚಿಂತೆ ಆತನನ್ನು ಬಿಡಲಿಲ್ಲ. ಸೂರತ್ತಿನಲ್ಲಿದ್ದ ಗಾಯಕವಾಡ ಮನೆತನದ ಗಜರಾಬಾಯಿ ಎಂಬ ಮಹಿಳೆಯಿಂದ, ಕಚ್ಛ ಮತ್ತು ಕಾಠೇವಾಡದ ಜಾಡೇಜ ಮನೆತನಗಳಲ್ಲಿಯೂ ಅದೇ ಪದ್ಧತಿ ಇದೆಯೆಂದು ಆತನಿಗೆ ತಿಳಿದುಬಂದಿತು. 1807ರಲ್ಲಿ ಬಡೋದೆಯ ರೆಸಿಡೆಂಟ್ ಅಲೆಕ್ಸಾಂಡರ್ ವಾಕರನು ಕಾಠೇವಾಡದ ಕಪ್ಪಕಾಣಿಕೆಗಳನ್ನು ಗೊತ್ತುಪಡಿಸಲು ಹೋದಾಗ, ಈ ಕೆಲಸವನ್ನೂ ಡಂಕನ್ನನು ಒಪ್ಪಿಸಿದನು. ಜಾಡೇಜ ಠಾಕೂರರು ಮೊದಲು ಒಪ್ಪಲಿಲ್ಲ. ತಲೆತಲಾಂತರದ ಪದ್ಧತಿ ಬಿಡುವುದು ಹೇಗೆಂದು ವಾದಿಸಿದರು, ಕಾಗದಗಳು ಹೋದವು, ಬಂದವು. ಕೊನೆಗೆ ಒಬ್ಬೊಬ್ಬರಾಗಿ 1808ರ ವೇಳೆಗೆ ಮುಚ್ಚಳಿಕೆಗೆ ಒಪ್ಪಿದರು. 1809ರ ಕೊನೆಯಲ್ಲಿ ವಾಕರನು ಮತ್ತೆ ಆ ಕಡೆ ಹೋದಾಗ ಕೆಲವು ತಂದೆಗಳು ತಮ್ಮ ಹೆಣ್ಣು ಮಕ್ಕಳನ್ನು ಎತ್ತಿಕೊಂಡು ಅವನ ಡೇರೆಗೆ ಬಂದರು. ಉಳಿದುಕೊಂಡ ಕೂಸುಗಳನ್ನು ಅವನ ಕೈಯಲ್ಲಿಟ್ಟು, ಇವು ನಿನ್ನ ಮಕ್ಕಳೆಂದರು. ಎಡ್ವರ್ಡ್ ಮೂರ್ ಎಂಬವನು ಈ ಪ್ರಸಂಗವನ್ನೆಲ್ಲ ಸಂಗ್ರಹಿಸಿ 1811ರಲ್ಲಿ ಲಂಡನಿನಲ್ಲಿ ಗ್ರಂಥ ಮಾಡಿದನು. ಅದೇ ವರ್ಷ ಡಂಕನ್ನನ ಆಯುಷ್ಯ ಮುಗಿಯಿತು.

ಸಮಕಾಲೀನರೆಲ್ಲರೂ ಆತನನ್ನು ಮೆಚ್ಚಿದರೆಂದು ಹೇಳಲಾಗದು. 1804ರಲ್ಲಿ ಮುಂಬಯಿಗೆ ನ್ಯಾಯಾಧೀಶನಾಗಿ ಬಂದ ಪಂಡಿತ ಜೇಮ್ಸ್ ಮ್ಯಾಕಿಂಟಾಷನು, ಈ ದೇಶದಲ್ಲಿ ಇಷ್ಟು ಕಾಲವಿದ್ದು ಗವರ್ನರನ ಮೈಮನಗಳೆರಡೂ ಬ್ರಾಹ್ಮಣೀಕೃತವಾಗಿವೆಯೆಂದು ನಕ್ಕನು. ನಿಧಾನಿ, ನಿರ್ಧಾರವಿಲ್ಲದವನು ಎಂಬ ಆಕ್ಷೇಪಣೆಯೂ ಇತ್ತು. ಮ್ಯಾಕಿಂಟಾಷನು ಅದೇ ವರ್ಷ ಸ್ಥಾಪಿಸಿದ ಲಿಟರರಿ ಸೊಸೈಟಿಗೆ ಮಾತ್ರ ಡಂಕನ್ನನು ಬೇಸರವಿಲ್ಲದೆ ಸದಸ್ಯನಾದನು. ಆ ಸೊಸೈಟಿಯೇ ಇಂದಿನ ಮುಂಬಯಿ ಏಶಿಯಾಟಿಕ್ ಸೊಸೈಟಿ. ಕೆಥೆಡ್ರಲಿನಿಂದ ಹಾರ್ನಿಮನ್ ಸರ್ಕಲನ್ನು ದಾಟಿದರೆ ಎದುರಿಗೇ ಅದರ ದೊಡ್ಡ ಮೆಟ್ಟಿಲುಗಳು. ವಿಲಾಯತಿಯವನೊಬ್ಬನು ಹಿಂದೂ ಜನರಂತಾದನೆಂಬುದು ಮ್ಯಾಕಿಂಟಾಷನಿಗೆ ನಗುವಿನ ಮಾತಾಗಿ ಕಂಡಿತು. ನಮಗೆ ಹಾಗೆ ಕಾಣುವುದಿಲ್ಲ. ಹದಿನಾರರಿಂದ ಐವತ್ತೈದರ ವರೆಗೆ ಒಂದು ಊರಿನ ನೀರು ಕುಡಿದವನು ಆ ಊರಿನವನಾಗದೆ ಇನ್ನೇನಾದಾನು? ಡೊಂಬಿವಲಿಯಲ್ಲಿ 40 ವರ್ಷ ಕಳೆದವನು ಊರಿಗೆ ಹೋದಾಗ ಅವನನ್ನು ಮುಂಬಯಿಯವನೆಂದೇ ಕರೆಯುತ್ತಾರೆ.

1811ರ ಆಗಸ್ಟ್ 11ರಂದು, 55ನೆಯ ವಯಸ್ಸಿನಲ್ಲಿ, ಡಂಕನ್ನನು ಮುಂಬಯಿಯಲ್ಲಿಯೇ ತೀರಿಕೊಂಡನು. ಚರ್ಚಿನೊಳಗೆ ಹೂಳಿದರು, ಸ್ಮಾರಕ ಕಡಲು ದಾಟಿ ಬಂದಿತು, ಕಾಶಿಯಲ್ಲಿ, ಕಾಠೇವಾಡದಲ್ಲಿ ಶಿಶುಹತ್ಯೆ ಅಳಿಯಿತೆಂದು ಅದರಲ್ಲಿ ಕೆತ್ತಿಯಾಗಿತ್ತು.

ಆದರೆ ಅಳಿದಿರಲಿಲ್ಲ. ವಾಕರನು ಕಾಠೇವಾಡವನ್ನು ಬಿಟ್ಟ ಮೇಲೆ ಮುಚ್ಚಳಿಕೆಗಳು ದಫ್ತರದಲ್ಲಿ ಕುಳಿತವು. 1830ರ ದಶಕದಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದ ವಿಲೋಬಿಯು ಜಾಡೇಜ ಮನೆಗಳ ಮಕ್ಕಳನ್ನು ಎಣಿಸಿದಾಗ, ಗಂಡು ಮಕ್ಕಳಿಗೆ ಹೋಲಿಸಿದರೆ ಹೆಣ್ಣು ಮಕ್ಕಳು ಬಹಳ ಕಡಮೆಯಿದ್ದರು. ಆಮೇಲೆ ವರ್ಷವರ್ಷವೂ ಎಣಿಕೆ, ದಂಡ, ಮಗಳ ಮದುವೆಗೆ ಸಹಾಯಧನ ಎಂಬ ಉಪಾಯಗಳು ಬಂದವು. ಕಾಶಿಯ ಕಡೆಯೂ ರೋಗ ಮರುಕಳಿಸಿತು. ಡಂಕನ್ನನು ಮೊದಲ ಮುಚ್ಚಳಿಕೆ ಬರೆಯಿಸಿ 80 ವರ್ಷಗಳಾದ ಮೇಲೆ, 1870ರಲ್ಲಿ, ಹೆಣ್ಣು ಶಿಶುಹತ್ಯೆಯನ್ನು ತಡೆಯಲು ಪ್ರತ್ಯೇಕ ಕಾನೂನನ್ನೇ ಸರಕಾರ ಮಾಡಬೇಕಾಯಿತು. ಇನ್ನೂ ಈಚೆಗೆ, ಭ್ರೂಣದ ಲಿಂಗಪರೀಕ್ಷೆಯ ವಿರುದ್ಧ 1988ರಲ್ಲಿ ನಮ್ಮ ಮಹಾರಾಷ್ಟ್ರದಲ್ಲಿಯೂ 1994ರಲ್ಲಿ ಇಡೀ ದೇಶಕ್ಕೂ ಕಾನೂನು ಬಂದುದನ್ನು ವಾಚಕರು ಬಲ್ಲರು. ಅಫೀಮಿನ ಜಾಗದಲ್ಲಿ ಯಂತ್ರ ಬಂದಿತ್ತು. ಮನೆತನ, ಮದುವೆಯ ಖರ್ಚು, ಮಾನ ಎಂಬ ಕಾರಣಗಳು ಹಳೆಯವೇ.

ಹಾಗಾದರೆ ಕಲ್ಲು ಸುಳ್ಳು ಹೇಳುತ್ತಿದೆಯೇ? ಆಗಿ ಮುಗಿಯಿತೆಂದು ಹೇಳುವ ಮಟ್ಟಿಗೆ ಅದು ಸುಳ್ಳೇ. ಆದರೆ ವಾಕರನ ಡೇರೆಗೆ ತಂದೆಯ ಕಂಕುಳಲ್ಲಿ ಬಂದ ಕೂಸುಗಳು ಸುಳ್ಳಲ್ಲ. ಅವು ಬೆಳೆದವು, ಮದುವೆಯಾದವು, ಮಕ್ಕಳನ್ನು ಹೆತ್ತಿರಬೇಕು. ಎಷ್ಟು ಕೂಸುಗಳು ಎಂಬುದನ್ನು ಯಾವ ದಫ್ತರವೂ ಹೇಳಲಾರದು. ಮುಚ್ಚಳಿಕೆಯ ಮೇಲೆ ಆತನು ಅತಿಯಾದ ವಿಶ್ವಾಸವಿಟ್ಟನೆಂಬುದು ನಮ್ಮ ಮಟ್ಟಿಗೆ ಆತನ ದೋಷ. ಜೀವಮಾನವೆಲ್ಲ ಕಾಗದ ಬರೆದವನಿಗೆ ಕಾಗದದ ಮೇಲೆ ನಂಬಿಕೆ ಹುಟ್ಟುವುದು ಸಹಜ. ಆದರೂ ಎಲ್ಲರೂ ಕಂಡು ಕಾಣದಂತಿದ್ದ ಒಂದು ಸಂಗತಿಯನ್ನು ಎಣಿಸಿ, ಹೆಸರಿಟ್ಟು, ಬರೆಯಿಸಿದವನು ಆತನು. ಅನಂತರ ಬಂದವರಿಗೆ ಎಲ್ಲಿಂದ ಆರಂಭಿಸಬೇಕೆಂಬುದು ಗೊತ್ತಾದುದು ಅದರಿಂದ.

ಡಂಕನ್ನನ ಹೆಸರು ಮುಂಬಯಿಯಲ್ಲಿ ಈಗ ಹೆಚ್ಚಾಗಿ ಕೇಳಿಬರುವುದಿಲ್ಲ. ನಾಗಪಾಡಾದ ಬಳಿಯ ಡಂಕನ್ ರೋಡು ಮೌಲಾನಾ ಆಜಾದ್ ರಸ್ತೆಯಾಗಿದೆ. ಏರಿಯ ಸುತ್ತಲಿನ ಖಾಡಿಯನ್ನು ಬಹುಮಟ್ಟಿಗೆ ತುಂಬಿ ಮನೆಗಳು ಎದ್ದಿರುವುದರಿಂದ, ಅಲ್ಲಿ ಎಂದಾದರೂ ನೀರಿತ್ತೆಂದು ಗಾಡಿಯ ಕಿಟಕಿಯಿಂದ ನೋಡಿದವರು ಊಹಿಸಲಾರರು. ಮಳೆಗಾಲದಲ್ಲಿ ಸಾಯನ್ ಮತ್ತು ಕುರ್ಲಾಗಳ ನಡುವೆ ಹಳಿಗಳು ಮುಳುಗಿ ಲೋಕಲುಗಳು ನಿಂತಾಗ ಮಾತ್ರ ಹಳೆಯ ಖಾಡಿ ತನ್ನ ಜಾಗವನ್ನು ನೆನಪು ಮಾಡಿಕೊಡುತ್ತದೆ.

ಕೆಥೆಡ್ರಲನ್ನು ನೋಡಬೇಕೆನ್ನುವವರು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದು ನಡೆದೇ ಹೋಗಬಹುದು. ಪ್ರಾರ್ಥನೆ ನಡೆಯದ ಹೊತ್ತಿನಲ್ಲಿ ಒಳಹೊಕ್ಕು, ಗೋಡೆಯುದ್ದಕ್ಕೂ ನಿಧಾನವಾಗಿ ನಡೆದು ನೋಡುವುದು ಒಳ್ಳೆಯದು. ಅಲ್ಲಿನ ಇನ್ನೊಂದು ಸಂಗತಿ ಹೊರಗಿನ ರಸ್ತೆಗೆ ಸೇರಿದ್ದು. ಹಿಂದಿನ ಕಾಲದಲ್ಲಿ ಮುಂಬಯಿ ದ್ವೀಪದ ಹೆದ್ದಾರಿಗಳ ದೂರವನ್ನು ಅಳೆಯಲು ಈ ಚರ್ಚನ್ನೇ ಸೊನ್ನೆಯ ಸ್ಥಾನವಾಗಿ ಇಟ್ಟುಕೊಂಡು, ಇಲ್ಲಿಂದ ಇಷ್ಟು ಮೈಲಿಯೆಂದು ಕೆತ್ತಿದ ಕಲ್ಲುಗಳನ್ನು ಉತ್ತರದ ಕಡೆಗೆ ನೆಟ್ಟಿದ್ದರು. ಕೆಲವು ಕಲ್ಲುಗಳು ಡಾಂಬರಿನಡಿ ಹೂತುಹೋಗಿದ್ದವು. ಈಚಿನ ವರ್ಷಗಳಲ್ಲಿ ಅವನ್ನು ಅಗೆದು ತೆಗೆದು, ತೊಳೆದು, ಫುಟ್‌ಪಾತಿನ ಮೇಲೆ ಮತ್ತೆ ನಿಲ್ಲಿಸಿದ್ದಾರೆ.